ಹಡಗನ್ನು ನೆಲಕ್ಕೆ ಹತ್ತಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಡಿಸೆಂಬರ್ 4, ನೌಕಾಪಡೆಯ ದಿನ. 1971ರಲ್ಲಿ ಇದೇ ದಿನ ರಾತ್ರಿ ನಮ್ಮ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಹತ್ತಿರದ ತನಕ ಹೋಗಿ ಹೊಡೆದು ಬಂದವು. ನಿರ್ಘಾತ್, ನಿಪಾತ್, ವೀರ್. ನಿಲಯದವರು ಫೋನ್ ಮಾಡಿ, "ಆ ಯುದ್ಧದ ಬಗ್ಗೆ ಹತ್ತು ನಿಮಿಷ ಮಾತಾಡಿ ಸರ್" ಅಂದರು. ಯುದ್ಧದ ಕಥೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಯುದ್ಧ ಮಾಡಿದವನಲ್ಲ. ಹಡಗುಗಳ ತಳ ರಿಪೇರಿ ಮಾಡಿಸಿದವನು. ಮೂವತ್ತು ವರ್ಷ ಅದೇ ಕೆಲಸ. ಹಾಗಾಗಿ ತಳದ ಮಾತೇ ಆಡುತ್ತೇನೆ. ಯುದ್ಧನೌಕೆಗೆ ವಯಸ್ಸಾಯಿತು, ಸ್ಮಾರಕ ಮಾಡಬೇಕು ಅಂತ ಆಯಿತು. ಎಲ್ಲಿ ಇಡಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಲೆಯ ಮೇಲೆ ಹಾಲು ಇಟ್ಟವರು ಆಮೇಲೆ ಎದ್ದು ಹೋಗಬಹುದು. ನೆಲದ ಮೇಲೆ ಇಡಬೇಕು. ನೀರಿನಲ್ಲಿ ಅಲ್ಲ. ಅಷ್ಟೇ.

"ಹಡಗು ನೀರಿನಲ್ಲಿದ್ದರೇ ಚೆಂದ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನೋಡುವುದಕ್ಕೆ ಚೆಂದ, ಒಪ್ಪಿದೆ. ಆದರೆ ಉಪ್ಪುನೀರಿಗೆ ಉಕ್ಕು ಅಂದರೆ ಇರುವೆಗೆ ಬೆಲ್ಲ ಇದ್ದ ಹಾಗೆ. ಹಡಗು ಕೆಲಸದಲ್ಲಿ ಇರುವಾಗ ಆಗಾಗ ಅದನ್ನು ಡ್ರೈ ಡಾಕ್‌ಗೆ ತರುತ್ತಾರೆ. ನೀರೆಲ್ಲ ಹೊರಗೆ ಹಾಕಿ, ತಳ ಕೆರೆದು, ಬಣ್ಣ ಬಳಿಯುತ್ತಾರೆ. ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಉಪ್ಪುನೀರು ಮೊದಲು ಆ ಸತುವನ್ನು ತಿನ್ನಲಿ, ಉಕ್ಕನ್ನು ಬಿಡಲಿ ಅಂತ. ನಿವೃತ್ತಿ ಆದ ಹಡಗಿಗೆ ಇದನ್ನೆಲ್ಲ ಯಾರು ಮಾಡುತ್ತಾರೆ? ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುತ್ತಾರೆ. ಮಾರನೇ ದಿನದಿಂದ ಸಮುದ್ರ ತನ್ನ ಊಟ ಶುರು ಮಾಡುತ್ತದೆ. ಜಾಸ್ತಿ ತಿನ್ನುವುದು ಎಲ್ಲಿ ಗೊತ್ತಾ? ನೀರಿನ ಗೆರೆಯ ಹತ್ತಿರ. ಅಲ್ಲಿ ಒಮ್ಮೆ ಒದ್ದೆ, ಒಮ್ಮೆ ಗಾಳಿ. ತುಕ್ಕಿಗೆ ಎರಡೂ ಬೇಕು.

ಇದು ನನಗೆ ಪುಸ್ತಕದಿಂದ ಗೊತ್ತಾದ ವಿಷಯ ಅಲ್ಲ. ಒಂದು ಕಥೆ ಹೇಳುತ್ತೇನೆ.

ನಾನಾಗ ಇಪ್ಪತ್ತಮೂರರ ಹುಡುಗ. ಒಂದು ಬಂದರಿನಲ್ಲಿ ಹಳೆಯ ಬಾರ್ಜ್ ಒಂದು ಕಟ್ಟಿ ಹಾಕಿತ್ತು. ಹಡಗುಗಳಿಗೆ ಕುಡಿಯುವ ನೀರು ಸಾಗಿಸುತ್ತಿದ್ದ ಬಾರ್ಜ್. ಯಾರೋ ದೊಡ್ಡವರು ಬರುತ್ತಾರೆ ಅಂತ ಹೊಸದಾಗಿ ಬೂದು ಬಣ್ಣ ಹೊಡೆದಿದ್ದರು. ಫಳಫಳ ಹೊಳೆಯುತ್ತಿತ್ತು. ಒಳಗಿಳಿದು ತಳ ನೋಡಿ ಬಾ ಅಂತ ನನ್ನನ್ನು ಕಳಿಸಿದರು. ಜೊತೆಗೆ ಒಬ್ಬ ಮೇಸ್ತ್ರಿ, ಅಂಕೋಲೆ ಕಡೆಯವರು. ವಯಸ್ಸು ಐವತ್ತು ದಾಟಿತ್ತು. ಕಿವಿಯಲ್ಲಿ ಬೀಡಿ.

ಕೆಳಗೆ ಕತ್ತಲೆ. ಟಾರ್ಚ್ ಬಿಟ್ಟರೆ ಬೆಳಕಿಲ್ಲ. ಮೇಸ್ತ್ರಿ ನನ್ನ ಕೈಗೆ ಸುತ್ತಿಗೆ ಕೊಟ್ಟರು. "ತಮಾ, ಮೆಲ್ಲಗೆ ತಟ್ಟು. ಶಬ್ದ ಕೇಳು. ಗಟ್ಟಿ ತಗಡು ದೇವಸ್ಥಾನದ ಗಂಟೆ ಹಾಗೆ ಟಣ್ ಅಂತದೆ. ತಿಂದು ಹೋದ ತಗಡು ಒಡಕು ಮಡಕೆ ಹಾಗೆ ಬೊದ್ ಅಂತದೆ. ಬೊದ್ ಅಂದಲ್ಲಿ ಸೀಮೆಸುಣ್ಣದ ಗುರುತು ಹಾಕು, ಮತ್ತೆ ಮುಟ್ಟಬೇಡ" ಅಂದರು.

ತಟ್ಟುತ್ತಾ ಹೋದೆ. ಟಣ್, ಟಣ್, ಟಣ್. ಆಮೇಲೆ ಒಂದು ಕಡೆ ಬೊದ್. ಗುರುತು ಹಾಕಿ ಸುಮ್ನೆ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಓದಿ ಬಂದ ಹುಡುಗ ಅಲ್ವಾ, ಎಷ್ಟು ಬೊದ್ ಅಂತ ನೋಡಬೇಕು ಅನಿಸಿತು. ಇನ್ನೊಂದು ಏಟು ಜೋರಾಗಿ ಹಾಕಿದೆ. ಸುತ್ತಿಗೆಯ ಮೂತಿ ತಗಡಿನೊಳಗೆ ಹೋಗಿ ಸಿಕ್ಕಿಕೊಂಡಿತು. ಮೇಸ್ತ್ರಿ ಹಿಂದಿನಿಂದ "ಎಳೀಬೇಡ!" ಅಂತ ಕೂಗಿದರು. ಅಷ್ಟರಲ್ಲಿ ನಾನು ಎಳೆದಾಗಿತ್ತು.

ನಮ್ಮೂರ ಕಡೆ ಬೋರ್‌ವೆಲ್‌ನಲ್ಲಿ ನೀರು ಬಿದ್ದಾಗ ಹೇಗೆ ಚಿಮ್ಮುತ್ತದೆ, ಹಾಗೆ ಬಂತು ಸಮುದ್ರ. ಎದೆಗೆ ಬಡಿಯಿತು. ಟಾರ್ಚ್ ಹೋಯಿತು. ನಾನು ಎರಡೂ ಅಂಗೈಯನ್ನು ಆ ತೂತಿಗೆ ಒತ್ತಿ ಹಿಡಿದೆ, ಪಕ್ಕದ ತಗಡೂ ಕುಸಿಯಿತು. ಆಗ ಮೇಸ್ತ್ರಿ ಏನು ಮಾಡಿದರು ಗೊತ್ತಾ? ನನ್ನನ್ನು ಪಕ್ಕಕ್ಕೆ ತಳ್ಳಿದರು. ಸೊಂಟದ ಚೀಲದಿಂದ ಮರದ ಬೆಣೆ ತೆಗೆದರು, ತಲೆಗೆ ಸುತ್ತಿದ್ದ ಪಂಚೆಯನ್ನು ಅದಕ್ಕೆ ಸುತ್ತಿದರು, ತೂತಿಗೆ ಇಟ್ಟು ಮೂರೇ ಏಟು. ನೀರು ಸಣ್ಣಗಾಯಿತು. ಮೇಲಿಂದ ನಾಲ್ಕು ಜನ ಬಂದರು. ಸುತ್ತ ಹಲಗೆಯ ಪೆಟ್ಟಿಗೆ ಕಟ್ಟಿ, ಒಳಗೆ ಸಿಮೆಂಟ್ ತುಂಬಿದೆವು. ಅದು ಒಣಗುವ ತನಕ ಮೇಸ್ತ್ರಿ ಅಲ್ಲೇ ಕೂತರು. ಬೀಡಿ ಒದ್ದೆಯಾಗಿತ್ತು, ಪಾಪ.

ನನಗೆ ಒಂದು ಬೈಗುಳವೂ ಬೀಳಲಿಲ್ಲ. ಸಂಜೆ ದಕ್ಕೆಯ ಮೇಲೆ ಚಹಾ ಕುಡಿಯುವಾಗ ಆ ಬಾರ್ಜ್ ಕಡೆ ನೋಡಿ ಹೇಳಿದರು, "ಬಣ್ಣ ಮಾತ್ರ ಚೆಂದ ಹೊಡೆದಿದಾರೆ ತಮಾ."

ಆ ತಗಡಿನ ಒಂದು ಚೂರು ಇನ್ನೂ ನನ್ನ ಹತ್ತಿರ ಇದೆ. ರೇಡಿಯೋದಲ್ಲಿ ತೋರಿಸುವುದಕ್ಕೆ ಆಗುವುದಿಲ್ಲ. ಮದುವೆ ಕಾಗದದಷ್ಟು ದಪ್ಪ.

ಈ ಕಥೆಗೇ ಅರ್ಧ ಸಮಯ ಹೋಯಿತು. ಇರಲಿ. ಹಡಗಿನ ಸ್ಮಾರಕದ ಬಗ್ಗೆ ನಿರ್ಧಾರ ಮಾಡುವವರು ಮೇಲಿನ ಬಣ್ಣ ನೋಡುತ್ತಾರೆ. ತಳಕ್ಕೆ ಇಳಿಯುವುದಿಲ್ಲ.

ನಮ್ಮ ಹಳೆಯ ವಿಕ್ರಾಂತ್‌ಗೆ ಆದದ್ದು ಇದೇ. 1961ರಲ್ಲಿ ನೌಕಾಪಡೆಗೆ ಸೇರಿದ ನಮ್ಮ ಮೊದಲ ವಿಮಾನವಾಹಕ ಹಡಗು. 1971ರಲ್ಲಿ ಅದರ ಮೇಲಿಂದ ಹಾರಿದ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. 1997ರಲ್ಲಿ ನಿವೃತ್ತಿ. ಆಮೇಲೆ ಮುಂಬೈಯಲ್ಲಿ ಮ್ಯೂಸಿಯಂ ಮಾಡಿದರು, ನೀರಿನಲ್ಲೇ. 2012ರಲ್ಲಿ ಸುರಕ್ಷಿತ ಅಲ್ಲ ಅಂತ ಮುಚ್ಚಿದರು. 2014ರಲ್ಲಿ ಸುಮಾರು 60 ಕೋಟಿಗೆ ಗುಜರಿಗೆ ಹೋಯಿತು. ಅದರ ಲೋಹ ಹಾಕಿ ಬೈಕ್ ಕೂಡ ಮಾಡಿ ಮಾರಿದರು. ಜನ ಹೆಮ್ಮೆಯಿಂದ ಕೊಂಡರು. ನಾನು ಕೊಳ್ಳಲಿಲ್ಲ.

ನಮ್ಮಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಅಮೆರಿಕದ ಟೆಕ್ಸಾಸ್ ಅನ್ನುವ ಯುದ್ಧನೌಕೆ 1948ರಿಂದ ನೀರಿನಲ್ಲೇ ಸ್ಮಾರಕವಾಗಿ ನಿಂತಿತ್ತು. ತಳ ಸೋರಿ ಸೋರಿ, ಪಂಪ್ ಹಚ್ಚಿಯೇ ಅದನ್ನು ತೇಲಿಸಬೇಕಿತ್ತು. ಕೊನೆಗೆ 2022ರಲ್ಲಿ ಎಳೆದುಕೊಂಡು ಹೋಗಿ ಡಾಕ್‌ಗೆ ಏರಿಸಿದರು. ಅದೇ ವರ್ಷ ಬಫಲೋ ಊರಿನಲ್ಲಿ ಇನ್ನೊಂದು ಸ್ಮಾರಕ ಹಡಗು ಕಟ್ಟಿದಲ್ಲೇ ವಾಲಿ ಅರ್ಧ ಮುಳುಗಿತು. ಅಲ್ಲಿ ಉಪ್ಪುನೀರು ಕೂಡ ಇಲ್ಲ!

ಈಗ ಜಪಾನಿನ ಮಿಕಾಸಾ ನೋಡಿ. 1905ರಲ್ಲಿ ರಷ್ಯಾದ ನೌಕಾಪಡೆಯನ್ನು ಸೋಲಿಸಿದ ಜಪಾನೀ ಪಡೆಯ ಮುಖ್ಯ ಹಡಗು. ಯೊಕೊಸುಕಾದಲ್ಲಿ ದಡಕ್ಕೆ ತಂದು, ಸುತ್ತ ಕಾಂಕ್ರೀಟ್ ಹಾಕಿ ಕೂರಿಸಿದರು. 1926ರಲ್ಲಿ ಸ್ಮಾರಕವಾಯಿತು. ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಅದರ ತೋಪು ಕಿತ್ತರು, ಮೇಲೆ ಡ್ಯಾನ್ಸ್ ಹಾಲ್ ಮಾಡಿದರು. ಅಷ್ಟು ಹಾಳು ಮಾಡಿದರೂ ಹಡಗು ಮುಳುಗಲಿಲ್ಲ. ಮುಳುಗುವುದಕ್ಕೆ ನೀರೇ ಇಲ್ಲವಲ್ಲ! 1961ರ ಹೊತ್ತಿಗೆ ಮತ್ತೆ ಸರಿ ಮಾಡಿ ನಿಲ್ಲಿಸಿದರು. ನೆಲದ ಮೇಲೆ ಇದ್ದರೆ ನೀವು ನಲವತ್ತು ವರ್ಷ ಮರೆತರೂ ಹಡಗು ನಿಮಗಾಗಿ ಕಾಯುತ್ತದೆ. ನೀರು ನಾಲ್ಕು ವರ್ಷವೂ ಕಾಯುವುದಿಲ್ಲ.

ನಮ್ಮಲ್ಲೂ ಬುದ್ಧಿವಂತರು ಇದ್ದಾರೆ. ವಿಶಾಖಪಟ್ಟಣದಲ್ಲಿ ಕುರ್ಸುರಾ ಅನ್ನುವ ಜಲಾಂತರ್ಗಾಮಿಯನ್ನು ಮರಳಿನ ಮೇಲೆ ಎಳೆದು ತಂದರು. 91 ಮೀಟರ್ ಉದ್ದದ್ದು! 2002ರಲ್ಲಿ ಜನರಿಗೆ ತೆರೆದರು. ಊರಿನವರು ಸಂಜೆ ಗಾಳಿ ತಿನ್ನಲು ಬರುವ ಬೀಚ್ ರಸ್ತೆಯಲ್ಲೇ ಇದೆ. ಕಾರವಾರದ ಟಾಗೋರ್ ಬೀಚಿನಲ್ಲಿ ನಮ್ಮ ಚಪಲ್ ಅನ್ನುವ ಕ್ಷಿಪಣಿ ದೋಣಿ ಇದೆ. ಅದು 1971ರಲ್ಲಿ ಕರಾಚಿಗೆ ಹೋಗಿತ್ತು ಅಂತ ಕೆಲವರು ಮಕ್ಕಳಿಗೆ ಹೇಳುವುದನ್ನು ಕೇಳಿದ್ದೇನೆ. ಇಲ್ಲ ಸ್ವಾಮಿ. ಅದು ಸೇವೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದವು ಅದರ ಅಕ್ಕಂದಿರು. ಚಪಲ್ 2005ರಲ್ಲಿ ನಿವೃತ್ತಿಯಾಗಿ, ನೆಲ ಹತ್ತಿ, ಇವತ್ತಿಗೂ ಅಲ್ಲೇ ಕೂತಿದೆ. ಅಕ್ಕಂದಿರಲ್ಲಿ ಒಂದನ್ನಾದರೂ ಹೀಗೇ ಹತ್ತಿಸಿದ್ದರೆ ಮಕ್ಕಳಿಗೆ ಸುಳ್ಳು ಹೇಳುವ ಕಷ್ಟ ಇರುತ್ತಿರಲಿಲ್ಲ.

ಯಾವ ಊರಿನಲ್ಲಿ ಅನ್ನುವುದರ ಬಗ್ಗೆ ಎರಡು ಪುಟ ಬರೆದಿದ್ದೆ. ಈಗ ಎರಡೇ ಮಾತು. ಹಡಗಿಗೂ ಊರಿಗೂ ನೆಂಟಸ್ತನ ಇದ್ದರೆ ಒಳ್ಳೆಯದು. 1971ರ ಡಿಸೆಂಬರ್ 9ರಂದು ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿದ್ದು ದಿಯು ಹತ್ತಿರದ ಸಮುದ್ರದಲ್ಲಿ. ಅದರ ಕ್ಯಾಪ್ಟನ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಹೋದರು. ಅದೇ ಹೆಸರಿನ ಎರಡನೇ ಹಡಗನ್ನು 2022ರಲ್ಲಿ ದಿಯುಗೇ ಕೊಟ್ಟರು. ಸರಿಯಾದ ಊರು.

"ಇಡೀ ವಿಮಾನವಾಹಕ ಹಡಗನ್ನು ನೆಲಕ್ಕೆ ಹೇಗಪ್ಪಾ ಹತ್ತಿಸುವುದು?" ಅಂತೀರಾ? ಹತ್ತಿಸಬೇಡಿ. ಒಂದು ತುಂಡು ತನ್ನಿ. 1914ರಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ ಜರ್ಮನಿಯ ಎಂಡನ್ ಹಡಗು ನೆನಪಿದೆಯಾ? ಅದನ್ನು ಆ ವರ್ಷವೇ ಹೊಡೆದುರುಳಿಸಿದ್ದು ಆಸ್ಟ್ರೇಲಿಯಾದ ಸಿಡ್ನಿ ಅನ್ನುವ ಹಡಗು. ಅದರ ಪಟಸ್ತಂಭವನ್ನು ಸಿಡ್ನಿ ಬಂದರಿನ ಬ್ರಾಡ್ಲೀಸ್ ಹೆಡ್ ದಿಬ್ಬದ ಮೇಲೆ ನೆಟ್ಟಿದ್ದಾರೆ. ಉಳಿದದ್ದು ಹೆಚ್ಚಿನಂಶ ಗುಜರಿಗೆ ಹೋಯಿತು. ಕಂಬ ಉಳಿಯಿತು, ಕಥೆಯೂ ಉಳಿಯಿತು. ನಮ್ಮ ಇನ್ನೊಂದು ವಿಮಾನವಾಹಕ ಹಡಗು ವಿರಾಟ್ 2020ರಲ್ಲಿ ಹಡಗು ಒಡೆಯುವ ಅಲಂಗ್‌ಗೆ ಹೋಗುವ ಮೊದಲು ಮೂರು ವರ್ಷ ಅದಕ್ಕೆ ನೂರಾರು ಕೋಟಿಯ ಯೋಜನೆ ಹಾಕುವ ಬದಲು ಒಂದು ಕಂಬದ ಯೋಜನೆ ಹಾಕಬಹುದಿತ್ತು.

ಭಾನುವಾರ ಬಿಡುವಿದ್ದರೆ ಮಕ್ಕಳನ್ನು ಕರೆದುಕೊಂಡು ಚಪಲ್ ನೋಡಿ ಬನ್ನಿ. ಮೇಲೆ ಹತ್ತುವ ಮೊದಲು ಒಂದು ಸುತ್ತು ಹಾಕಿ, ಬಗ್ಗಿ ತಳ ನೋಡಿ. ಎಲ್ಲಾದರೂ ಬಣ್ಣ ಉಬ್ಬಿದ್ದು ಕಂಡರೆ ಟಿಕೆಟ್ ಕೊಡುವವರಿಗೆ ಹೇಳಿ. ಆದರೆ ದಯವಿಟ್ಟು ಸುತ್ತಿಗೆ ತೆಗೆದುಕೊಂಡು ಹೋಗಬೇಡಿ.

ನಮಸ್ಕಾರ.