ಇಷ್ಟು ದೊಡ್ಡ ಸೂಳೆಕೆರೆಗೆ ಏರಿ ಇಷ್ಟೇನಾ?

(ಏರಿಯ ಮೇಲೆ ನಿಂತು, ಗಾಳಿ ಜೋರು)

ಹೋದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಅಣ್ಣಾ, ಸೂಳೆಕೆರೆ ಏರಿ ನೋಡಿದೆ, ಇಷ್ಟೇನಾ?" ಅಂತ. ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು, ಅದಕ್ಕೇ ಬಂದಿದ್ದೇನೆ.

ಬೇಗ ಪರಿಚಯ ಮುಗಿಸುತ್ತೇನೆ. ಇದು ಚನ್ನಗಿರಿ ತಾಲ್ಲೂಕು. 1997ರವರೆಗೆ ಶಿವಮೊಗ್ಗದ್ದು, ಈಗ ನಮ್ಮ ದಾವಣಗೆರೆಯದ್ದು. ಎದುರಿಗೆ ಕಾಣುತ್ತಿರುವುದು ಸುಮಾರು 6,550 ಎಕರೆ ನೀರು. ಬೆಂಗಳೂರಿನವರು ಅಷ್ಟೊಂದು ಹೇಳಿಕೊಳ್ಳುವ ಸ್ಯಾಂಕಿ ಕೆರೆ 37 ಎಕರೆ. ಅಂಥವು ನೂರಾ ಎಪ್ಪತ್ತು ಇದರೊಳಗೆ ಮುಳುಗಿಹೋಗುತ್ತವೆ, ಸುಮ್ನೆ ಹೇಳಿದೆ ಅಷ್ಟೇ.

ಈಗ ಏರಿ ನೋಡಿ. ಉದ್ದ ಸುಮಾರು 950 ಅಡಿ. ಕೈಯಲ್ಲಿರುವ ಟೀ ಆರುವುದರೊಳಗೆ ಆ ತುದಿ ಮುಟ್ಟಬಹುದು. ಗುಟ್ಟು ಏನಪ್ಪಾ ಅಂದರೆ, ಹರಿದ್ರಾ ಹೊಳೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನುಸುಳಿ ಹೋಗುತ್ತಿತ್ತು. ಕಟ್ಟಿದವರು ಸರಿಯಾಗಿ ಅಲ್ಲೇ ಮಣ್ಣು, ಕಲ್ಲು ಹಾಕಿದರು. ಅಡಿಕೆ ಚೀಲ ಎಷ್ಟೇ ದಪ್ಪ ಇರಲಿ, ಹೊಲಿಯುವುದು ಬಾಯಿ ಮಾತ್ರ ಅಲ್ವಾ? ಉಳಿದ ಗೋಡೆಯನ್ನೆಲ್ಲ ಗುಡ್ಡಗಳೇ ಪುಕ್ಕಟೆ ಕೊಟ್ಟಿವೆ.

"ಅಷ್ಟು ನೀರು ತಳ್ಳಿದರೆ ಈ ಚಿಕ್ಕ ಏರಿ ಒಡೆಯಲ್ವಾ?" ನನಗೂ ಇದೇ ಅನುಮಾನವಿತ್ತು. ಆದರೆ ನೀರು ಹಿಂದಕ್ಕೆ ಎಷ್ಟು ದೂರ ಹರಡಿದೆ ಅನ್ನುವುದು ಏರಿಗೆ ಲೆಕ್ಕಕ್ಕೇ ಇಲ್ಲ. ಏರಿಯ ಹತ್ತಿರ ಎಷ್ಟು ಆಳ ನಿಂತಿದೆ ಅನ್ನುವುದರ ಮೇಲೆ ಒತ್ತಡ. ಹಿಂದೆ ಒಂದು ಮೈಲಿ ನೀರಿದ್ದರೂ ಐದು ಮೈಲಿ ಇದ್ದರೂ, ಆಳ ಅಷ್ಟೇ ಇದ್ದರೆ ಏರಿಗೆ ಬೀಳುವ ಭಾರವೂ ಅಷ್ಟೇ. ಇದನ್ನು ಓದಿದ ದಿನ ಮನೆಯಲ್ಲಿ ಎಲ್ಲರಿಗೂ ಬಕೆಟ್ ಇಟ್ಟುಕೊಂಡು ವಿವರಿಸಿದೆ, ಯಾರೂ ಕೇಳಲಿಲ್ಲ. ನೀವಾದರೂ ಕೇಳಿ.

ಇನ್ನು ಹೆಸರು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಜಾಗ ಸೂಳೆಯರದ್ದಾಗಿತ್ತಂತೆ. ಬಿಟ್ಟುಕೊಡುತ್ತೇವೆ, ಕೆರೆಗೆ ನಮ್ಮ ಹೆಸರಿರಲಿ ಅಂದರಂತೆ. ಇದು ಜನ ಹೇಳುವ ಕಥೆ. ಈಗ ಕಾಗದದಲ್ಲಿ ಶಾಂತಿಸಾಗರ ಅಂತ ಬರೆಯುತ್ತಾರೆ, ನಾಚಿಕೆಗೋ ಏನೋ. ನಾನಂತೂ ಸೂಳೆಕೆರೆ ಅಂತಲೇ ಅನ್ನುತ್ತೇನೆ. ಜಾಗ ಕೊಟ್ಟವರು ಕೇಳಿದ್ದು ಅದೊಂದೇ ತಾನೆ.

ಟೈಮ್ ಆಯ್ತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ತೂಬು ಎರಡು, ಸಿದ್ಧನ ತೂಬು, ಬಸವನ ತೂಬು. ಕೆಳಗೆ ಗದ್ದೆ, ಅಡಿಕೆ ತೋಟ. ಚಿತ್ರದುರ್ಗದ ನಲ್ಲಿಗೂ ಇಲ್ಲಿಂದ ನೀರು ಹೋಗುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೂ ಕಣಿವೆಯ ಬಾಯಿ ಹೊಲಿಯುವ ಇದೇ ಉಪಾಯ, ಅದನ್ನೂ ಮಾರಿಕಣಿವೆಯಲ್ಲೇ ಕಟ್ಟಿದ್ದು. ಮುಗಿದದ್ದು 1907ರಲ್ಲಿ. ಅಷ್ಟರಲ್ಲಿ ಸೂಳೆಕೆರೆಗೆ ನೂರಾರು ವರ್ಷ ವಯಸ್ಸಾಗಿತ್ತು.

ನಿಮ್ಮ ಅಜ್ಜಿ ಶಾಂತವ್ವನ ಕಥೆ ಬೇರೆ ಥರ ಹೇಳುತ್ತಿದ್ದರೆ ಕೆಳಗೆ ಬರೆಯಿರಿ. ನಾನು ಆ ತುದಿಗೆ ಹೋಗಿ ಬರುತ್ತೇನೆ, ಟೀ ಇನ್ನೂ ಬಿಸಿ ಇದೆ.