ಮೊದಲ ಕ್ರ್ಯಾಕ್ ತೆಗಿರಿ, ಆಮ್ಯಾಲ ಲೆಕ್ಕ ಹಾಕೋಣ

ನಮಸ್ಕಾರ್ರಿ. ರಾಯಚೂರಾಗ ತಹಶೀಲ್ ಕಚೇರಿ ಮುಂದಿನ ಟೈಪಿಂಗ್ ಅಂಗಡಿ ಇರ್ಲಿ, ಗಂಗಾವತಿ ರೈಸ್ ಮಿಲ್ಲಿನ ಗುಮಾಸ್ತರ ಟೇಬಲ್ ಇರ್ಲಿ, ಬಳ್ಳಾರಿ ಜೀನ್ಸ್ ಘಟಕದ ಕಂಪ್ಯೂಟರ್ ಇರ್ಲಿ, ಒಂದು ಮಾತು ಕೇಳ್ರಿ: ಇದರಾಗಿನ ವರ್ಡ್, ಫೋಟೋಶಾಪ್, ಕೋರೆಲ್ ಡ್ರಾಗೆ ಬಿಲ್ ಅದ ಏನು? ಭಾಳ ಕಡೆ ಇರೂದಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ಲೈಸೆನ್ಸಿನ ಬೀಗ ಮುರಿದ ಕಳ್ಳ ನಕಲನ್ನ, ಅಂದ್ರ ‘ಕ್ರ್ಯಾಕ್’ನ, ಪೆನ್‌ಡ್ರೈವಿನಾಗ ತಂದು ಹಾಕಿರ್ತಾನ. ಹಿಂಗಾಗಿ ಪುಕ್ಕಟೆ ಸಾಫ್ಟ್‌ವೇರ್ ಚಲೋನೋ, ರೊಕ್ಕ ಕೊಟ್ಟಿದ್ದು ಚಲೋನೋ ಅಂತ ನಾವು ವಾದ ಮಾಡುವಾಗ, ಓಪನ್ ಸೋರ್ಸನ್ನ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ ಪುಕ್ಕಟೆ ಸಾಫ್ಟ್‌ವೇರ್) ಖರೇ ಹೋಲಿಸೋದು ಕದ್ದ ಮಾಲಿನ ಜೋಡಿ. ಕದ್ದದ್ದಕ್ಕ ಬೆಲೆ ಸೊನ್ನೆ ಅಂತ ಹಿಡಿದ್ರ, ಲೆಕ್ಕ ಅಲ್ಲೇ ತಪ್ಪತದ.

ಆ ಕ್ರ್ಯಾಕ್ ಫೋಲ್ಡರ್ ಬಿಚ್ಚಿ ನೋಡ್ರಿ. ಒಳಗ ಒಂದು ಸಣ್ಣ ಟೆಕ್ಸ್ಟ್ ಫೈಲ್ ಇರ್ತದ. ಭಾಳ ಸಲ ಅದರ ಮೊದಲ ಸಾಲೇ ‘ಆಂಟಿವೈರಸ್ ಬಂದ್ ಮಾಡ್ರಿ’ ಅಂತ. ಕಾವಲುಗಾರನ್ನ ನೀವೇ ಹೊರಗ ಕಳಿಸಿ ಬಾಗಿಲ ತೆಗೆದಂಗ ಅದು. ಸ್ಟಾಪ್ ಅನ್ನೋ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ರೊಕ್ಕ ಕೇಳೋ ವೈರಸ್) ಹರಡಿದ್ದು ಹೆಚ್ಚಾಗಿ ಇಂಥಾ ಕ್ರ್ಯಾಕ್‌ಗಳ ಜೋಡಿನೇ. ಬಂತಂದ್ರ ಫೋಟೋ, ಎಕ್ಸೆಲ್, ಲೆಕ್ಕದ ಡೇಟಾ ಎಲ್ಲಕ್ಕೂ ಬೀಗ ಬೀಳ್ತದ. ಯಂತ್ರಕ್ಕ ಸಿಗಿಸೇ ಇಟ್ಟ ಬ್ಯಾಕಪ್ ಡ್ರೈವಿಗೂ ಬೀಳ್ತದ. ಅದಕ್ಕ ಕ್ರ್ಯಾಕನ್ನ ತಕ್ಕಡಿಯಿಂದ ಇಳಿಸೇ ತೂಗಬೇಕು.

ಇಳಿಸಿದ ಮ್ಯಾಲ ನನ್ನ ಅಭಿಪ್ರಾಯ ಇಷ್ಟ: ಯಾವ ಕೆಲಸಕ್ಕ ಹೊರಗಿನವರ ಜೋಡಿ ಕೊಂಡಿ ಅದನೋ, ಅಲ್ಲಿ ರೊಕ್ಕ ಕೊಡ್ರಿ. ಉಳಿದದ್ದಕ್ಕ ಓಪನ್ ಸೋರ್ಸ್ ಹಾಕ್ರಿ.

ರೊಕ್ಕ ಕೊಡಬೇಕಾದ್ದು ಅಂದ್ರ ಮೊದಲ ಟ್ಯಾಲಿ, ಲೆಕ್ಕಪತ್ರದ ಸಾಫ್ಟ್‌ವೇರ್. ಸಿಂಧನೂರು, ಕಾರಟಗಿ ಮಿಲ್ಲುಗಳು, ರಾಯಚೂರು ಎಪಿಎಂಸಿ ಅಡತ್ ಅಂಗಡಿ, ಎಲ್ಲಾ ಕಡೆ ಆಡಿಟರ್ ಕೇಳೋದು ಟ್ಯಾಲಿ ಡೇಟಾನೇ. 2023ರ ಆಗಸ್ಟ್ 1ರಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರು ಇ-ಇನ್‌ವಾಯ್ಸ್ (ಸರ್ಕಾರದ ಜಿಎಸ್‌ಟಿ ಪೋರ್ಟಲ್ಲಿನಾಗ ದಾಖಲಾದ ಬಿಲ್) ಮಾಡಬೇಕು. ಟ್ಯಾಲಿ ಪ್ರೈಮ್ ಬಿಲ್ ಮಾಡಿದ ಜಾಗದಿಂದಲೇ ಪೋರ್ಟಲ್ಲಿಗೆ ಕಳಿಸಿ ಕ್ಯೂಆರ್ ಕೋಡ್ ತಂದುಕೊಡ್ತದ. ಗ್ನುಕ್ಯಾಶ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಜಮಾ-ಖರ್ಚು ಚೊಕ್ಕ ಬರೀತದ, ಆದ್ರ ಆ ಪೋರ್ಟಲ್ಲಿನ ದಾರಿ ಅದಕ್ಕ ಇಲ್ಲ. ಇಆರ್‌ಪಿ ನೆಕ್ಸ್ಟ್ ಅಂತ ಮುಂಬೈದವರ ಓಪನ್ ಸೋರ್ಸ್ ವ್ಯಾಪಾರ ಸಾಫ್ಟ್‌ವೇರ್ ಅದ, ಶಕ್ತಿ ಇದ್ದದ್ದೇ, ಆದ್ರ ಸರ್ವರ್ ನೋಡಿಕೊಳ್ಳೋ ಮನುಷ್ಯ ಬೇಕು. ಒಬ್ಬ ಗುಮಾಸ್ತರ ಅಂಗಡಿಗೆ ಅದು ಭಾರ. ಕಲಿಯೋ ಹುಡುಗರಿಗಂತೂ ಕ್ರ್ಯಾಕ್ ಬೇಕಾಗೇ ಇಲ್ಲ: ಟ್ಯಾಲಿಗೆ ಎಜುಕೇಷನ್ ಮೋಡ್ ಅದ, ತಿಂಗಳ 1, 2, 31ನೇ ತಾರೀಖಿಗಷ್ಟ ಎಂಟ್ರಿ ಹೊಡೀಬಹುದು. ಕಲಿಯೋಕ ಅಷ್ಟು ಸಾಕು.

ಇನ್ನ ಆಫೀಸ್ ಕೆಲಸ. ಅರ್ಜಿ, ಬಾಡಿಗಿ ಕರಾರು, ಮಾರ್ಕ್ಸ್ ಪಟ್ಟಿ, ಪಗಾರ ಲೆಕ್ಕ, ಇದಕ್ಕೆಲ್ಲಾ ವರ್ಡ್, ಎಕ್ಸೆಲ್ ಬದಲಿಗೆ ಬಳಸೋ ಓಪನ್ ಸೋರ್ಸಿನ ಲಿಬ್ರೆ ಆಫೀಸ್ ಸಾಕು. ಹಾಕಿದ ಕೂಡಲೇ ಎರಡು ಕೆಲಸ ಮಾಡ್ರಿ. ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ ಉಳಿಸೋ ಬಗೆ ವರ್ಡಿನ ಡಾಕ್ಸ್ ಅಂತ ಇಡ್ರಿ. ಇಲ್ಲಂದ್ರ ಓಡಿಟಿ ಅನ್ನೋ ಬ್ಯಾರೆ ಬಗೆ ಆಗಿ ಉಳೀತದ, ಕಚೇರಿಯವರು ಫೈಲ್ ತೆಗೆಯೋಕ ತಡವರಿಸ್ತಾರ. ಆಮ್ಯಾಲ ಭಾಷಾ ಸೆಟ್ಟಿಂಗಿನಾಗ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನೋದಕ್ಕ ಟಿಕ್ ಹಾಕಿ ಕನ್ನಡ ಆರಿಸ್ರಿ. ಇದನ್ನ ಬಿಟ್ಟವರೇ ‘ಇಂಗ್ಲಿಷ್ ಅಕ್ಷರ ದೊಡ್ಡದಾತು, ಕನ್ನಡ ಸಣ್ಣದೇ ಉಳೀತು’ ಅಂತ ಬೈತಾರ. ಲಿಬ್ರೆ ಆಫೀಸ್ ಸ್ಟೈಲಿನಾಗ ಇಂಗ್ಲಿಷಿಗೊಂದು ಫಾಂಟ್, ಕನ್ನಡಕ್ಕೊಂದು ಫಾಂಟ್ ಬ್ಯಾರೆ ಬ್ಯಾರೆ ಇಡ್ತದ. ಎರಡನ್ನೂ ಹೊಂದಿಸಬೇಕು. ಎಕ್ಸ್‌ಲುಕ್‌ಅಪ್ (ಪಟ್ಟಿಯಾಗ ಹುಡುಕೋ) ಫಾರ್ಮುಲಾ 24.8 ಆವೃತ್ತಿಯಿಂದ ಅದ, ಹಳೇದು ಹಾಕ್ಕೊಂಡು ಇಲ್ಲ ಅನ್ನಬ್ಯಾಡ್ರಿ. ಆದ್ರ ಎಕ್ಸೆಲ್ ಮ್ಯಾಕ್ರೋ (ಕೆಲಸ ತಾನೇ ಮಾಡೋ ಸಣ್ಣ ಪ್ರೋಗ್ರಾಂ) ಬರೆಸಿಕೊಂಡಿದ್ರ ಅವು ಇಲ್ಲಿ ಪೂರ್ತಿ ಓಡ್ತಾವ ಅಂತ ನಂಬಬ್ಯಾಡ್ರಿ. ಅಂಥಾ ಒಂದು ಯಂತ್ರಕ್ಕ ಎಕ್ಸೆಲ್ ಕೊಂಡುಬಿಡ್ರಿ.

ಈಗ ನನಗ ಭಾಳ ಸಂಕಟ ಆಗೋ ವಿಷಯ. ನಮ್ಮ ಡಿಟಿಪಿ ಅಂಗಡಿಗಳಾಗ ಇಪ್ಪತ್ತು ವರ್ಷದ ಲಗ್ನಪತ್ರಿಕೆ, ಕ್ರಯಪತ್ರದ ನಮೂನೆ, ಶಾಲೆ ಸಂಚಿಕೆ, ಮಠದ ಪುಸ್ತಕ ಎಲ್ಲಾ ಪೇಜ್‌ಮೇಕರ್ ಅನ್ನೋ ಪುಟ ವಿನ್ಯಾಸದ ಸಾಫ್ಟ್‌ವೇರಿನಾಗ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಾಗ ಕುಂತಾವ. ಪೇಜ್‌ಮೇಕರ್ 7 ಬಂದಿದ್ದು 2001ರಾಗ, ಯೂನಿಕೋಡ್, ಅಂದ್ರ ಎಲ್ಲಾ ಭಾಷೆ ಅಕ್ಷರಕ್ಕೂ ಬ್ಯಾರೆ ಬ್ಯಾರೆ ಕೋಡ್ ಕೊಡೋ ಪದ್ಧತಿ, ಅದಕ್ಕ ಗೊತ್ತಿಲ್ಲ. ಆಸ್ಕಿ ಫಾಂಟಿನಾಗ ‘ಕನ್ನಡ’ ಅಂತ ಹೊಡೆದ್ರ ಫೈಲಿನೊಳಗ ಇರೋದು ಇಂಗ್ಲಿಷಿನ ಪಿ, ತಲಿ ಮ್ಯಾಲ ಗೆರೆ ಇರೋ ಎ, ಪೌಂಡ್ ರೊಕ್ಕದ ಗುರುತು. ಫಾಂಟ್ ಅನ್ನೋ ವೇಷ ಕಳಚಿತಂದ್ರ ನಿಮ್ಮ ಬರಹ ನಿಮಗೇ ಓದೋಕ ಬರೂದಿಲ್ಲ. ಮೊಬೈಲಿಗೆ ಕಳಿಸಿದ್ರ ಕೆಡ್ತದ, ಹುಡುಕಿದ್ರ ಸಿಗೂದಿಲ್ಲ.

ಅದಕ್ಕ ಯಾವ ಸಾಫ್ಟ್‌ವೇರಿಗೆ ಹೋದ್ರೂ ಮೊದಲ ಫೈಲುಗಳನ್ನ ಯೂನಿಕೋಡಿಗೆ ತರ್ರಿ. ‘ಬರಹ’ ಅನ್ನೋ ಸಾಫ್ಟ್‌ವೇರಿನಾಗ ಪರಿವರ್ತಕ ಅದ, ಓಪನ್ ಸೋರ್ಸಿನವೂ ಸಿಗ್ತಾವ. ಮೂಲ ಫೈಲಿನ ಒಂದು ನಕಲು ಬ್ಯಾರೆ ಡ್ರೈವಿನಾಗ ಇಟ್ಟೇ ಶುರು ಮಾಡ್ರಿ. ಎರಡು ಕಡೆ ಎಡವತಾವ. ಒಂದು, ನಡುವ ಬಂದ ಇಂಗ್ಲಿಷ್ ಶಬ್ದ: ಎರಡಕ್ಕೂ ಒಳಗಿನ ಕೋಡ್ ಒಂದೇ ಆಗಿದ್ದಕ್ಕ ಜಿಎಸ್‌ಟಿ ನಂಬರಿನ ಅಕ್ಷರವೂ ಕನ್ನಡದ ಕಿಚಡಿ ಆಗ್ತದ. ಎರಡನೇದು ಅರ್ಕಾವೊತ್ತು, ಅಂದ್ರ ‘ರ್’ ಅನ್ನೋ ಗುರುತು. ಹಳೇ ಫಾಂಟಿನಾಗ ಅದು ಅಕ್ಷರ ಆದ ಮ್ಯಾಲ ಬರ್ತದ, ಯೂನಿಕೋಡಿನಾಗ ಅಕ್ಷರಕ್ಕಿಂತ ಮೊದಲ ಇರಬೇಕು. ಪರಿವರ್ತಕ ತಿರುವಿ ಹಾಕಲಿಲ್ಲಂದ್ರ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗ್ತದ, ‘ಧರ್ಮ’ ಹೋಗಿ ‘ಧಮರ್’ ಆಗ್ತದ. ಪರಿವರ್ತನೆ ಆದ ಮ್ಯಾಲ ‘ರ್’ ಅಂತ ಹುಡುಕಿ ಒಂದೊಂದೇ ನೋಡ್ರಿ. ಕ್ರಯಪತ್ರದಾಗ ಒಂದು ಹೆಸರು ತಪ್ಪಿದ್ರ ಏನಾಗ್ತದ ಅಂತ ನಿಮಗ ಹೇಳಬೇಕಾಗಿಲ್ಲ.

ಪುಟ ವಿನ್ಯಾಸಕ್ಕ ಓಪನ್ ಸೋರ್ಸಿನ ಸ್ಕ್ರೈಬಸ್ ಅದ. 1.6 ಆವೃತ್ತಿನೇ ಹಾಕ್ರಿ, 1.4ರಾಗ ಕನ್ನಡದ ಒತ್ತಕ್ಷರ ಒಡೀತಾವ. ಪ್ರೆಸ್ಸಿನವರು ಕೇಳೋ ಸಿಎಂವೈಕೆ (ಪ್ರೆಸ್ಸಿನ ನಾಲ್ಕು ಮಸಿ) ಬಣ್ಣದ ಪಿಡಿಎಫ್ ಕೊಡ್ತದ. ಫ್ಲೆಕ್ಸ್ ಅಂಗಡಿಯವರ ಮಾತು ಬ್ಯಾರೆ. ಗಿರಾಕಿ ತರೋದು ಕೋರೆಲ್ಲಿನ ಸಿಡಿಆರ್ ಫೈಲ್, ಓಪನ್ ಸೋರ್ಸಿನ ಚಿತ್ರ ಬರೆಯೋ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಅದನ್ನ ತೆಗೀತದ, ಆದ್ರ ಅಲ್ಲಲ್ಲಿ ಜಾರಿಸ್ತದ, ಬಣ್ಣನೂ ಪರದೆಯ ಪದ್ಧತಿ ಆದ ಆರ್‌ಜಿಬಿನಾಗ ನಡೀತದ. ದಿನಾ ಇದೇ ಕಸುಬಿನವರು ಕೋರೆಲ್ ಕೊಳ್ಳಲಿ. ಅದೇ ಇಂಕ್‌ಸ್ಕೇಪಿಗೆ ಇಂಕ್‌ಸ್ಟಿಚ್ ಅಂತ ಒಂದು ಜೋಡಣೆ ಅದ, ಬಳ್ಳಾರಿ ಜೀನ್ಸಿನವರು ಒಮ್ಮೆ ನೋಡ್ರಿ. ಪ್ಯಾಂಟಿನ ಹಿಂದಿನ ಜೇಬಿನ ಕಸೂತಿ ಬರೆದು ಮಶೀನಿನ ಡಿಎಸ್‌ಟಿ ಫೈಲ್ ತೆಗೀಬಹುದು, ಪುಕ್ಕಟೆ. ಡಿಎಸ್‌ಟಿನಾಗ ಹೊಲಿಗಿ ಉಳೀತದ, ದಾರದ ಬಣ್ಣ ಉಳಿಯೂದಿಲ್ಲ, ಬಣ್ಣದ ಚೀಟಿ ಬ್ಯಾರೆ ಬರೆದು ಕೊಡ್ರಿ.

ಕಡೀಗೆ ವಿಂಡೋಸ್. ವಿಂಡೋಸ್ 10ಕ್ಕ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. ಹನ್ನೊಂದಕ್ಕ ಟಿಪಿಎಂ 2.0 ಅನ್ನೋ ಭದ್ರತಾ ಭಾಗ ಬೇಕು, ಇಂಟೆಲ್ ಆದ್ರ ಹೆಚ್ಚುಕಮ್ಮಿ ಎಂಟನೇ ಪೀಳಿಗೆ ಬೇಕು. ಹಳೇ ಯಂತ್ರನ ಗುಜರಿಗೆ ಹಾಕೋ ಮುಂಚೆ ವಿಂಡೋಸ್ ಬದಲಿಗೆ ಹಾಕೋ ಪುಕ್ಕಟೆ ಲಿನಕ್ಸ್ ಮಿಂಟಿನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡ್ರಿ, 4 ಜಿಬಿ ರ‍್ಯಾಮಿನಾಗ ಆರಾಮ ನಡೀತದ. ದೇಶದ ಜಿಲ್ಲಾ ನ್ಯಾಯಾಲಯಗಳ ಇ-ಕೋರ್ಟ್ಸ್ ಕೆಲಸನೇ ಉಬುಂಟು ಲಿನಕ್ಸ್ ಮ್ಯಾಲ ಕಟ್ಟಿದ್ದು. ಕನ್ನಡ ಟೈಪಿಂಗಿಗೆ ಐಬಸ್-ಎಂ17ಎನ್ ಹಾಕಿದ್ರ ನುಡಿನಾಗ ಬಳಸೋ ಅದೇ ಕಗಪ ಕೀಲಿಮಣೆ ಬರ್ತದ, ಬೆರಳಿಗೆ ಹೊಸಾ ಅಭ್ಯಾಸ ಬ್ಯಾಡ.

ಆದ್ರ ಅಡ್ಡಗಾಲು ಹಾಕೋದು ಪ್ರಿಂಟರ್. ನಮ್ಮ ಅಂಗಡಿಗಳಾಗ ಎಲ್ಲಿ ನೋಡಿದ್ರೂ ಕ್ಯಾನನ್ ಎಲ್‌ಬಿಪಿ 2900. ಅದರ ಡ್ರೈವರ್ ಲಿನಕ್ಸಿನಾಗ ಹಠಮಾರಿ. ಎಚ್‌ಪಿ 1020 ಆದ್ರ ಎಚ್‌ಪಿಲಿಪ್ ಡ್ರೈವರ್ ಹಾಕಿ, ಅದರ ಪ್ಲಗಿನ್ ಇಳಿಸಿಕೊಂಡ್ರ ಕೆಲಸ ಮಾಡ್ತದ. ಪ್ಲಗಿನ್ ಇಲ್ಲಂದ್ರ ಹಾಳಿನೇ ಎಳೆಯೂದಿಲ್ಲ. ಗ್ರಾಮ ಒನ್ ನಡೆಸೋರ ಬೆರಳಚ್ಚು ಯಂತ್ರ ಹೆಚ್ಚಾಗಿ ವಿಂಡೋಸು, ಆಂಡ್ರಾಯ್ಡನ್ನೇ ಕೇಳ್ತಾವ, ಅವರು ಬದಲಿಸೋಕ ಹೋಗಬ್ಯಾಡ್ರಿ.

ಉಳಿದವರು 8 ಜಿಬಿ ಪೆನ್‌ಡ್ರೈವಿಗೆ ಮಿಂಟ್ ಬರೆದು, ಏನೂ ಇನ್‌ಸ್ಟಾಲ್ ಮಾಡದೇ ಅದರಿಂದಲೇ ಯಂತ್ರ ಶುರು ಮಾಡ್ರಿ. ವೈಫೈ ಸಿಗ್ತದೇನು, ಸ್ಪೀಕರ್ ಮಾತಾಡ್ತದೇನು, ಒಂದು ಕನ್ನಡ ಪುಟ ಪ್ರಿಂಟ್ ಆಗ್ತದೇನು ನೋಡ್ರಿ. ಆ ಪುಟದಾಗ ‘ಕರ್ನಾಟಕ’ ಸರಿ ಬಂದಿದ್ರ ಮುಂದುವರೀರಿ. ಇಲ್ಲಂದ್ರ ಪೆನ್‌ಡ್ರೈವ್ ಕಿತ್ತು ಹಳೇದನ್ನೇ ಶುರು ಮಾಡ್ರಿ, ಹಾರ್ಡ್ ಡಿಸ್ಕಿನಾಗಿನ ಒಂದು ಫೈಲೂ ಅಲುಗಾಡಿರೂದಿಲ್ಲ.