ಸನ್ಯಾಸಿಗೆ ಯಾಕ್ರೀ ಅಕ್ಕಿ ಮೂಟೆ ಲೆಕ್ಕ? 1897ರ ಬರ, ಕಲ್ಕತ್ತಾ ಪ್ಲೇಗು ಮತ್ತೆ ಒಂದು ಖಾತೆ ಪುಸ್ತಕ

ನಮಸ್ಕಾರ ಎಲ್ರಿಗೂ, ಆರಾಮಾ?

ನೆರೆ ಬಗ್ಗೆ ಒಂದು ವಿಡಿಯೋ ಮಾಡಿದ್ವಲ್ಲ, ಅದ್ರ ಕೆಳಗೆ ಒಬ್ರು ಕೇಳಿದ್ರು: ನೆರೆ ಬರ್ಲಿ ಭೂಕಂಪ ಆಗ್ಲಿ, ರಾಮಕೃಷ್ಣ ಮಿಷನ್ ಸ್ವಾಮೀಜಿಗಳು ಟಾರ್ಪಾಲು, ಅಕ್ಕಿ ಮೂಟೆ ಹಿಡ್ಕೊಂಡು ಬಂದ್ಬಿಡ್ತಾರೆ, ಸನ್ಯಾಸಿ ಅಂದ್ರೆ ಎಲ್ಲಾ ಬಿಟ್ಟು ಹೋದವ್ರು ತಾನೆ, ಇವ್ರಿಗ್ಯಾಕೆ ಈ ತಾಪತ್ರಯ, ಇದು ಯಾವಾಗಿಂದ ಶುರುವಾಯ್ತು? ನಾನೂ ಎರಡು ನಿಮಿಷದಲ್ಲಿ ಉತ್ತರ ಹೇಳ್ಬೋದು ಅನ್ಕೊಂಡೆ. ಕೂತು ಓದಕ್ಕೆ ಶುರು ಮಾಡಿದ್ಮೇಲೆ ರಾತ್ರಿ ಹನ್ನೆರಡಾಯ್ತು.

ಮೊದ್ಲು ಒಂದು ವಿಷ್ಯ ಪಕ್ಕಕ್ಕಿಡೋಣ, ಇಲ್ಲಾಂದ್ರೆ ಕಾಮೆಂಟಲ್ಲಿ ನನ್ನ ಬಿಡಲ್ಲ ನೀವು. ಹಸಿದವ್ರಿಗೆ ಊಟ ಹಾಕೋದು ನಮ್ಮ ಮಠಗಳಿಗೆ ಹೊಸದಲ್ಲ. ಸಿದ್ಧಗಂಗೆ ದಾಸೋಹ ಇದೆ, ಧರ್ಮಸ್ಥಳದ ಅನ್ನಪೂರ್ಣ ಇದೆ, ಆ ಪರಂಪರೆ ಬಹಳ ಹಳೇದು. ಆದ್ರೆ ಅಲ್ಲಿ ಹಸಿದವ್ರು ಮಠಕ್ಕೆ ಬರ್ತಾರೆ. ನಾವು ಇವತ್ತು ನೋಡ್ತಿರೋದು ಉಲ್ಟಾ: ಅನಾಹುತ ಎಲ್ಲಾಗಿದ್ಯೋ ಅಲ್ಲಿಗೆ ಸನ್ಯಾಸಿ ಹೋಗಬೇಕು, ಯಾರಿಗೆ ಏನು ಬೇಕು ಅಂತ ಪಟ್ಟಿ ಮಾಡ್ಬೇಕು, ಹಂಚ್ಬೇಕು, ಲೆಕ್ಕ ಕೊಡ್ಬೇಕು, ಕೆಲ್ಸ ಮುಗಿದ್ಮೇಲೆ ಗಂಟುಮೂಟೆ ಕಟ್ಟಿ ವಾಪಸ್ ಬರ್ಬೇಕು. ಇದು 1897ರಲ್ಲಿ ಬಂಗಾಳದಲ್ಲಿ ಶುರುವಾಯ್ತು.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಸ್ವಾಮಿ ವಿವೇಕಾನಂದರು ಅಮೆರಿಕ, ಯುರೋಪ್ ಮುಗಿಸ್ಕೊಂಡು 1897ರ ಶುರುನಲ್ಲಿ ವಾಪಸ್ ಬಂದ್ರು. ಮೇ 1ನೇ ತಾರೀಕು ಕಲ್ಕತ್ತಾದ ಬಾಗ್‌ಬಜಾರಿನಲ್ಲಿ ಬಲರಾಮ ಬೋಸ್ ಅನ್ನೋ ಭಕ್ತರ ಮನೇಲಿ ಮೀಟಿಂಗ್ ಆಗಿ ರಾಮಕೃಷ್ಣ ಮಿಷನ್ ಹುಟ್ತು. ಆ ವರ್ಷ ದೇಶದ ತುಂಬಾ ಬರ. ಮಿಷನ್ ಹುಟ್ಟಿ ಹದಿನೈದು ದಿನ ಆಗೋದ್ರೊಳಗೆ ಮೊದಲ್ನೇ ಪರಿಹಾರ ಕೇಂದ್ರ ತೆರೀತು, ಮುರ್ಷಿದಾಬಾದ್ ಜಿಲ್ಲೆಯ ಮಹುಲಾ ಅನ್ನೋ ಹಳ್ಳೀಲಿ.

(ಇಲ್ಲಿ ಬಂಗಾಳದ ಮ್ಯಾಪ್ ಹಾಕು, ಬಹರಾಂಪುರ, ಮಹುಲಾ ಎರಡೂ ಕಾಣ್ಬೇಕು)

ಈಗ ಮಜಾ ನೋಡಿ. ಮಹುಲಾದಲ್ಲಿ ಕೆಲ್ಸ ಶುರು ಮಾಡಿದ ಸ್ವಾಮಿ ಅಖಂಡಾನಂದರನ್ನ ಯಾವ ಕಮಿಟಿಯೂ ಅಲ್ಲಿಗೆ ಕಳ್ಸಿರ್ಲಿಲ್ಲ. ಅವ್ರು ಮೊದ್ಲಿಂದ ಊರೂರು ಸುತ್ತೋರು, ಹಿಮಾಲಯ, ಟಿಬೆಟ್ ಎಲ್ಲಾ ಕಾಲಲ್ಲೇ ತಿರುಗಿದೋರು. ಗಂಗೆ ದಡದಲ್ಲಿ ನಡ್ಕೊಂಡು ಹೋಗ್ತಾ ದಾದ್‌ಪುರ ಅನ್ನೋ ಕಡೆ ಒಬ್ಳು ಮುಸ್ಲಿಂ ಹುಡುಗಿ ಅಳ್ತಾ ನಿಂತಿರೋದು ಕಾಣ್ತು. ನೀರು ತರೋ ಮಡಕೆ ಒಡೆದೋಗಿದೆ, ಮನೇಲಿ ಬೇರೆ ಪಾತ್ರೆ ಇಲ್ಲ, ಅಮ್ಮ ಹೊಡೀತಾಳೆ ಅಂತ ಭಯ. ಸ್ವಾಮೀಜಿ ಹತ್ರ ಇದ್ದಿದ್ದು ನಾಲ್ಕಾಣೆ. ಒಂದು ಹೊಸ ಮಡಕೆ, ಒಂಚೂರು ಅವಲಕ್ಕಿ ಕೊಡ್ಸಿದ್ರು, ಒಂದಾಣೆ ಹೋಯ್ತು. ಅಷ್ಟರಲ್ಲಿ ಸುತ್ತ ಹತ್ತು ಹನ್ನೆರಡು ಮಕ್ಳು ಬಂದು ನಿಂತ್ಬಿಟ್ವು, ಎಲ್ಲವಕ್ಕೂ ಹಸಿವು. ಉಳಿದ ಮೂರಾಣೆಗೂ ಅವಲಕ್ಕಿ. ಮುಗೀತು, ಜೇಬು ಖಾಲಿ. ಸನ್ಯಾಸಿಗೆ ಜೇಬೆಲ್ಲಿ ಅಂತ ಕೇಳ್ಬೇಡಿ.

ಇಷ್ಟು ಆಗಿದ್ರೆ ಇದು ಒಳ್ಳೇ ಕಥೆ ಅಷ್ಟೇ, ವಾಟ್ಸಾಪ್‌ನಲ್ಲಿ ಹಿನ್ನೆಲೆ ಸಂಗೀತ ಹಾಕಿ ಓಡಾಡ್ತಿತ್ತು. ಆದ್ರೆ ಅವ್ರು ಮುಂದೆ ಹೋಗ್ಲಿಲ್ಲ, ಮಹುಲಾದಲ್ಲೇ ಕೂತು ಕಲ್ಕತ್ತಾಗೆ ಕಾಗದ ಬರೆದ್ರು, ಪರಿಸ್ಥಿತಿ ಹಿಂಗಿದೆ ಅಂತ. ಅಲ್ಲಿಂದ ಒಂಚೂರು ದುಡ್ಡು, ಜೊತೆಗೆ ಇಬ್ರು ಸಹಾಯಕ್ಕೆ ಬಂದ್ರು, ಮೇ 15ಕ್ಕೆ ಅಕ್ಕಿ ಹಂಚಿಕೆ ಶುರು. ಬೌದ್ಧರ ಮಹಾಬೋಧಿ ಸೊಸೈಟಿನೂ ದುಡ್ಡು ಕೊಡ್ತು, ಬ್ರಿಟಿಷ್ ಮ್ಯಾಜಿಸ್ಟ್ರೇಟ್ ಲೆವಿಂಜ್ ಸಾಹೇಬ್ರೂ ಸಹಾಯ ಮಾಡಿದ್ರು. ಹಿಂದೂ ಸನ್ಯಾಸಿ, ಬೌದ್ಧರ ದುಡ್ಡು, ಕ್ರಿಶ್ಚಿಯನ್ ಅಧಿಕಾರಿ, ಅಕ್ಕಿ ತಗೊಳ್ಳೋರಲ್ಲಿ ಹಿಂದೂಗಳು ಮುಸ್ಲಿಮರು ಇಬ್ರೂ ಇದ್ರು. ಇವತ್ತು ಇದನ್ನ ಸಿನಿಮಾದಲ್ಲಿ ತೋರ್ಸಿದ್ರೆ ಬೇಕಂತ ತುರುಕಿದಾರೆ ಅಂತೀವಿ.

ಈಗ ನನ್ನ ತಲೆ ಕೆಡ್ಸಿದ ಭಾಗಕ್ಕೆ ಬರ್ತೀನಿ. ಖಾತೆ ಪುಸ್ತಕ.

ವಿವೇಕಾನಂದರು ಆಗ ಅಲ್ಮೋರಾ, ಕಾಶ್ಮೀರ, ಪಂಜಾಬ್ ಕಡೆ ಇದ್ರು, ಮೈಗೆ ಬೇರೆ ಹುಷಾರಿಲ್ಲ, ಆದ್ರೂ ಕಾಗದದ ಮೇಲೆ ಕಾಗದ. ನಾವು ಅವ್ರ ಫೋಟೋ ಅಂದ್ರೆ ಕೈ ಕಟ್ಕೊಂಡು ನಿಂತಿರೋದು, ಕೆಳಗೆ ಏಳಿ ಎದ್ದೇಳಿ ಅಂತ ಒಂದು ಲೈನು, ಅಷ್ಟರಲ್ಲೇ ನಿಲ್ಲಿಸ್ಬಿಟ್ಟಿದೀವಿ. ಆ ಕಾಗದಗಳನ್ನ ಓದಿದ್ರೆ ಅದು ಬೇರೆನೇ ಮನುಷ್ಯ, ಖಡಕ್ ಅಕೌಂಟೆಂಟು. ವರದಿ ಯಾಕೆ ಬಂದಿಲ್ಲ, ಎಷ್ಟು ಅಕ್ಕಿ ಕೊಟ್ರಿ, ಬರೀ ಅಕ್ಕಿ ಕೊಟ್ರೆ ಸಾಕಾ, ಜನ ತಮ್ಮ ಕಾಲ ಮೇಲೆ ನಿಲ್ಲೋ ಹಾಗೆ ಏನು ಕಲಿಸಿದ್ರಿ ಅಂತೆಲ್ಲಾ ಕೇಳ್ತಾರೆ. 1897ರಲ್ಲೇ ತಮ್ಮ ಗುರುಭಾಯಿ (ಅಂದ್ರೆ ಒಂದೇ ಗುರುವಿನ ಶಿಷ್ಯ) ಬ್ರಹ್ಮಾನಂದರಿಗೆ ಬರೆದ ಒಂದು ಕಾಗದದಲ್ಲಿ ಹೇಳ್ತಾರೆ, ಒಂದು ಕೆಲಸಕ್ಕೆ ಅಂತ ಎತ್ತಿದ ದುಡ್ಡನ್ನ ಇನ್ನೊಂದಕ್ಕೆ ಮುಟ್ಟಲೇಬಾರದು, ಮರುಕ್ಷಣ ನಾವೇ ಉಪವಾಸ ಬೀಳೋ ಹಾಗಿದ್ರೂ ಸರಿ ಅಂತ.

ಇದೆಷ್ಟು ಕಷ್ಟದ ರೂಲು ಅಂತ ಗೊತ್ತಾಗ್ಬೇಕಾದ್ರೆ ನಿಮ್ಮ ಏರಿಯಾದ ಗಣೇಶನ ಚಂದಾ ನೆನೆಸ್ಕೊಳ್ಳಿ. ಗಣೇಶನ ಕೂರ್ಸ್ತೀವಿ ಅಂತ ಮನೆಮನೆಗೆ ಬಂದು ರಸೀದಿ ಹರೀತಾರೆ. ಆ ದುಡ್ಡಲ್ಲಿ ಗಣೇಶನೂ ಬರ್ತಾನೆ, ಸುಳ್ಳಲ್ಲ. ಆದ್ರೆ ಅದೇ ದುಡ್ಡಲ್ಲಿ ಹುಡುಗ್ರಿಗೆಲ್ಲಾ ಒಂದೇ ಕಲರ್ ಟೀ ಶರ್ಟು, ಆರ್ಕೆಸ್ಟ್ರಾಗೆ ಅಡ್ವಾನ್ಸು, ವಿಸರ್ಜನೆ ದಿನ ಡೊಳ್ಳಿನವ್ರು, ಆಮೇಲೆ ಮಿಕ್ಕಿದ್ದು ಮುಂದಿನ ವರ್ಷಕ್ಕೆ ಅಂತ ಒಬ್ರ ಹತ್ರ ಇರುತ್ತೆ, ಮುಂದಿನ ವರ್ಷ ಆ ಒಬ್ರು ಬೇರೆ ಏರಿಯಾಗೆ ಮನೆ ಶಿಫ್ಟ್ ಮಾಡಿರ್ತಾರೆ. ಯಾರೂ ಕಳ್ರಲ್ಲ, ಎಲ್ಲಾ ನಮ್ಮ ಹುಡುಗ್ರೇ, ಪಾಪ ರಾತ್ರಿಯೆಲ್ಲಾ ಪೆಂಡಾಲ್ ಕಾಯ್ತಾರೆ. ಆದ್ರೂ ಗಣೇಶನ ದುಡ್ಡು ಗಣೇಶನಿಗೇ ಅನ್ನೋ ಗೆರೆ ಇದೆಯಲ್ಲ, ಅದು ಯಾರಿಗೂ ಕಾಣದೇ ಅಳಿಸಿಹೋಗಿರುತ್ತೆ. ಆ ಗೆರೆ ಅಳಿಸ್ಬೇಡಿ ಅಂತ ಹೇಳಿದ್ದು ಒಂದು ಹೊತ್ತಿನ ಊಟಕ್ಕೆ ಗತಿ ಇದ್ರೆ ಇನ್ನೊಂದು ಹೊತ್ತಿಗಿಲ್ಲ ಅನ್ನೋ ಸ್ಥಿತಿ ನೋಡಿದ್ದ ಸನ್ಯಾಸಿಗಳಿಗೆ. ಕರುಣೆ ಹಳೇದು ಸ್ವಾಮಿ, ನನ್ನ ಪ್ರಕಾರ ಹೊಸದಾಗಿ ಬಂದಿದ್ದು ಈ ಖಾತೆ ಪುಸ್ತಕ.

ಇದಕ್ಕೆ ಮಠದ ಒಳಗಡೆನೇ ವಿರೋಧ ಇತ್ತು. ಬಲರಾಮ ಬೋಸರ ಮನೇಲಿ ಮೀಟಿಂಗ್ ಆದ್ಮೇಲೆ ಸ್ವಾಮಿ ಯೋಗಾನಂದರು ನೇರವಾಗೇ ಕೇಳಿದ್ರು, ಇದೆಲ್ಲಾ ವಿದೇಶಿ ರೀತಿ ಅಲ್ವಾ, ನಮ್ಮ ಠಾಕೂರರು, ಅಂದ್ರೆ ಗುರು ರಾಮಕೃಷ್ಣರು, ಹೀಗೆ ಹೇಳಿದ್ರಾ ಅಂತ. ನ್ಯಾಯವಾದ ಪ್ರಶ್ನೆನೇ. ಪಾದ್ರಿಗಳ ಸಂಸ್ಥೆಗಳು ಬರದಲ್ಲಿ ಕೆಲ್ಸ ಮಾಡೋ ರೀತಿ ಎಲ್ರ ಕಣ್ಮುಂದೆ ಇತ್ತು, ಆ ಸಂಘಟನೆಯ ಪ್ರಭಾವ ಇಲ್ಲ ಅನ್ನೋದು ನನಗೆ ಸುಮ್ನೆ ಹಠ ಅನ್ಸುತ್ತೆ, ಒಳ್ಳೇ ಪದ್ಧತಿ ಎಲ್ಲಿಂದ ಬಂದ್ರೇನು. ಆದ್ರೆ ರಾಮಕೃಷ್ಣರು ಹೇಳೇ ಇರ್ಲಿಲ್ಲ ಅನ್ನೋದೂ ತಪ್ಪು. 1868ರಲ್ಲಿ ಅವ್ರ ಶ್ರೀಮಂತ ಭಕ್ತ ಮಥುರಬಾಬು ಅವ್ರನ್ನ ಕಾಶಿಯಾತ್ರೆಗೆ ಕರ್ಕೊಂಡು ಹೋಗ್ತಿದ್ರು, ದಾರೀಲಿ ದೇವಘರದ ಹತ್ರ ಹಸಿವಿಂದ ಸೊರಗಿದ್ದ ಜನ ಕಂಡ್ರು. ಇವ್ರಿಗೆ ಊಟ, ಬಟ್ಟೆ, ತಲೆಗೆ ಎಣ್ಣೆ ಕೊಡು ಅಂದ್ರು. ಮಥುರಬಾಬು, ಯಾತ್ರೆಗೇ ದುಡ್ಡು ಸಾಲಲ್ಲ ಅಂತ ರಾಗ ತೆಗೆದ್ರು. ಹಂಗಾದ್ರೆ ನಿನ್ನ ಕಾಶಿಗೆ ನಾನು ಬರಲ್ಲ ಅಂತ ರಾಮಕೃಷ್ಣರು ಹೋಗಿ ಆ ಜನರ ಮಧ್ಯನೇ ಕೂತ್ಬಿಟ್ರು. ಮಥುರಬಾಬು ಇನ್ನೇನು ಮಾಡ್ತಾರೆ, ಕಲ್ಕತ್ತಾದಿಂದ ಬಟ್ಟೆ ತರಿಸಿದ್ರು.

ಸರಿ, ಪ್ಲೇಗಿಗೆ ಬರೋಣ.

1898ರ ಬೇಸಿಗೆ, ಕಲ್ಕತ್ತಾಗೆ ಪ್ಲೇಗ್ ಬಂತು. ಜನಕ್ಕೆ ಕಾಯಿಲೆಗಿಂತ ಸರ್ಕಾರದ ಭಯ ಜಾಸ್ತಿ, ಯಾಕಂದ್ರೆ ಹಿಂದಿನ ವರ್ಷ ತಾನೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತ್ತು, ಮನೆಗೆ ನುಗ್ಗೋದು, ರೋಗಿಗಳನ್ನ ಎಳ್ಕೊಂಡು ಹೋಗೋದು, ಪುಣೆಯಲ್ಲಿ ಇದೇ ವಿಷ್ಯಕ್ಕೆ ಪ್ಲೇಗ್ ಆಫೀಸರ್ ರ‍್ಯಾಂಡ್ ಕೊಲೆನೇ ಆಗಿತ್ತು. (2020ರಲ್ಲಿ ಕೊರೋನಾ ಟೈಮಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ಹೊರಡ್ಸಿದ್ದೂ ಇದೇ 1897ರ ಕಾಯ್ದೆ ಕೆಳಗೆ. ನಂಬಿ.) ಅದೇ 1898ರಲ್ಲಿ ಪ್ಲೇಗ್ ನಮ್ಮ ಬೆಂಗಳೂರಿಗೂ ಬಂತು, ಬಸವನಗುಡಿ ಮಲ್ಲೇಶ್ವರಂ ಬೆಳೆದಿರೋ ಕಥೆಯಲ್ಲಿ ಈ ಪ್ಲೇಗಿನ ಪಾಲು ದೊಡ್ಡದು, ಅದು ಇನ್ನೊಂದು ವಿಡಿಯೋ.

ಡಾರ್ಜಿಲಿಂಗ್‌ನಲ್ಲಿದ್ದ ವಿವೇಕಾನಂದರು ಓಡೋಡಿ ಬಂದ್ರು, ಹೆದರಬೇಡಿ, ಗಾಳಿ ಸುದ್ದಿ ನಂಬಬೇಡಿ, ಮನೆ ಸುತ್ತ ಕ್ಲೀನ್ ಇಟ್ಕೊಳ್ಳಿ ಅಂತ ಬಂಗಾಳಿ, ಹಿಂದಿಯಲ್ಲಿ ಕರಪತ್ರ ಹೊರಡ್ಸಿದ್ರು. ಒಬ್ಬ ಗುರುಭಾಯಿ ಕೇಳಿದ್ರು, ದುಡ್ಡೆಲ್ಲಿಂದ? ಬೇಕಾದ್ರೆ ಈಗ ತಾನೆ ಮಠಕ್ಕೆ ತಗೊಂಡಿರೋ ಜಾಗ ಮಾರೋಣ ಅಂದ್ಬಿಟ್ರು. ಬೇಲೂರು ಮಠದ ಜಾಗ ಅದು, ಎರಡು ತಿಂಗಳ ಹಿಂದೆಯಷ್ಟೇ ತಗೊಂಡಿದ್ದು. (ನಮ್ಮ ಹಾಸನದ ಬೇಲೂರಲ್ಲ, ಗಂಗೆ ದಡದ್ದು.)

ಒಂದ್ನಿಮಿಷ! ನಾನಿಲ್ಲಿ ಓದೋದು ನಿಲ್ಲಿಸಿ ಯೋಚ್ನೆ ಮಾಡಿದೆ. ಆ ಜಾಗದ ದುಡ್ಡು ಕೊಟ್ಟಿದ್ದು ಇಂಗ್ಲೆಂಡಿನ ಹೆನ್ರಿಯೆಟ್ಟಾ ಮುಲ್ಲರ್, ಕೊಟ್ಟಿದ್ದು ಮಠಕ್ಕೆ ಅಂತ. ಅದನ್ನ ಮಾರಿ ಪ್ಲೇಗಿಗೆ ಹಾಕಿದ್ರೆ ಆರು ತಿಂಗಳ ಹಿಂದೆ ಅವ್ರೇ ಮಾಡಿದ ರೂಲಿನ ಗತಿ ಏನು? ಭಕ್ತರು ಇದನ್ನ ತ್ಯಾಗದ ಮಾತು ಅಂತ ಹೇಳಿ ಮುಂದೆ ಹೋಗ್ತಾರೆ, ನನಗೆ ಮುಂದೆ ಹೋಗಕ್ಕಾಗ್ಲಿಲ್ಲ. ಬಡವರಿಗೆ ಅಂತ ಎತ್ತಿದ ದುಡ್ಡು ಮಠದ ಹೊಟ್ಟೆಗೆ ಹೋಗ್ಬಾರ್ದು ಅನ್ನೋದು ಅವ್ರ ನಿಜವಾದ ಚಿಂತೆ, ಮಠದ್ದು ಬಡವರಿಗೆ ಹೋದ್ರೆ ಅದಕ್ಕೆ ಅವ್ರ ತಕರಾರಿಲ್ಲ ಅಂತ ನಾನು ಅರ್ಥ ಮಾಡ್ಕೊಂಡೆ. ನೀವು ಒಪ್ಪದೇ ಇರ್ಬೋದು. ರಾಮಕೃಷ್ಣರ ಪತ್ನಿ ಶಾರದಾದೇವಿಯವ್ರೂ ಒಪ್ಪಿರ್ಲಿಲ್ವಂತೆ, ಒಂದೇ ಪರಿಹಾರ ಕೆಲಸಕ್ಕೆ ಇಡೀ ಮಠ ಮುಗಿದೋದ್ರೆ ಮುಂದಿಂದಕ್ಕೆ ಯಾರು ಗತಿ ಅಂದ್ರು ಅನ್ನೋ ಮಾತು ಪರಂಪರೆಯಲ್ಲಿದೆ. ದುಡ್ಡು ಬೇರೆ ಕಡೆಯಿಂದ ಬಂತು, ಜಾಗ ಉಳೀತು.

ಮರುವರ್ಷ ಪ್ಲೇಗ್ ಮತ್ತೆ ಬಂತು. 1899ರ ಮಾರ್ಚ್ ಕೊನೆಗೆ ಕಮಿಟಿ ಆಯ್ತು: ವಿವೇಕಾನಂದರ ಐರಿಶ್ ಶಿಷ್ಯೆ ಸೋದರಿ ನಿವೇದಿತಾ ಕಾರ್ಯದರ್ಶಿ, ಸ್ವಾಮಿ ಸದಾನಂದರು ಉಸ್ತುವಾರಿ, ಜೊತೆಗೆ ಶಿವಾನಂದ, ನಿತ್ಯಾನಂದ, ಆತ್ಮಾನಂದ. ಕನ್ನಡದವ್ರು ಈ ಹೆಸರುಗಳನ್ನ ಇನ್ನೊಂದ್ಸಲ ಓದಿ. ಇದೇ ಶಿವಾನಂದರಿಂದಲೇ ಮೂವತ್ತು ವರ್ಷ ಆದ್ಮೇಲೆ, 1929ರಲ್ಲಿ, ನಮ್ಮ ಕುವೆಂಪು ದೀಕ್ಷೆ ತಗೊಂಡಿದ್ದು. ಆತ್ಮಾನಂದರು ಆಮೇಲೆ ಬೆಂಗಳೂರಿಗೆ ಬಂದು ಇಲ್ಲಿನ ಆಶ್ರಮ ಕಟ್ಟೋ ಕಾಲದಲ್ಲಿ ಕೆಲ್ಸ ಮಾಡಿದ್ರು. ಆ ಆಶ್ರಮ ಇರೋ ಬುಲ್ ಟೆಂಪಲ್ ರೋಡಲ್ಲಿ ದಿನಾ ಓಡಾಡ್ತೀವಿ, ಕಲ್ಕತ್ತಾದ ಬಸ್ತಿ (ಅಂದ್ರೆ ಕೊಳೆಗೇರಿ) ಗುಡಿಸಿದ ಕೈಗೂ ಆ ಗೇಟಿಗೂ ಸಂಬಂಧ ಇದೆ ಅಂತ ಯಾರಿಗೆ ಗೊತ್ತು.

ಕೆಲ್ಸ ಏನಪ್ಪಾ ಅಂದ್ರೆ ಗುಡಿಸೋದೇ. ಚರಂಡಿ, ಕಸ, ಬಸ್ತಿಗಳ ಸಂದಿಗೊಂದಿ. ಒಂದು ದಿನ ನಿವೇದಿತಾ ತಾವೇ ಪೊರಕೆ ಹಿಡಿದು ಬೀದಿ ಗುಡಿಸಕ್ಕೆ ನಿಂತ್ರು, ನೋಡ್ತಾ ನಿಂತಿದ್ದ ಬೀದಿ ಹುಡುಗ್ರಿಗೆ ನಾಚಿಕೆಯಾಗಿ ಪೊರಕೆ ಕಿತ್ಕೊಂಡ್ರು. ಏಪ್ರಿಲ್‌ನಲ್ಲಿ ಕ್ಲಾಸಿಕ್ ಥಿಯೇಟರ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಭಾಷಣ ಮಾಡಿದ್ರು, 15 ಹುಡುಗ್ರು ಹೆಸರು ಕೊಟ್ರು. ಡಾಕ್ಟರ್ ರಾಧಾಗೋವಿಂದ ಕರ್ ಅಂತ ಒಬ್ರು, ಹೌದು, 2024ರಲ್ಲಿ ಬೇರೆನೇ ಕಾರಣಕ್ಕೆ ದೇಶವೆಲ್ಲಾ ಕೇಳಿದ ಆ ಆರ್.ಜಿ. ಕರ್ ಆಸ್ಪತ್ರೆ ಇವ್ರ ಹೆಸರಿಂದೇ, ಅವ್ರು ಬರ್ದಿದಾರೆ: ಬಾಗ್‌ಬಜಾರಿನ ಬಸ್ತೀಲಿ ಒಂದು ಪ್ಲೇಗ್ ಮಗು ಇತ್ತು, ಸೋಂಕಿನ ಮನೆ, ಹುಷಾರು ಅಂತ ಹೇಳಿದ್ದೆ, ಸಾಯಂಕಾಲ ಹೋಗಿ ನೋಡಿದ್ರೆ ಒದ್ದೆ ಗುಡಿಸಲಲ್ಲಿ ನಿವೇದಿತಾ ಆ ಮಗುನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ರು ಅಂತ. ಗೋಡೆಗೆ ಸುಣ್ಣನೂ ಅವ್ರೇ ಹೊಡೆದ್ರು. ಮಗು ಉಳೀಲಿಲ್ಲ.

(ಎಡಿಟರ್ ಆಗ್ಲಿಂದ ವಾಚ್ ತೋರಿಸ್ತಿದಾನೆ, ಗಣೇಶನ ಚಂದಾ ಕಟ್ ಮಾಡು ಅಂತಾನೆ, ಮಾಡಲ್ಲ.)

ಹಂಗಾಗಿ ಉಳಿದಿದ್ದು ಸ್ಪೀಡಾಗಿ. 1901ರಲ್ಲಿ ಹರಿದ್ವಾರದ ಪಕ್ಕ ಕಂಖಲ್‌ನಲ್ಲಿ ಸ್ವಾಮಿ ಕಲ್ಯಾಣಾನಂದರು ಕಾಯಿಲೆ ಬಿದ್ದ ಸಾಧುಗಳಿಗೆ ಅಂತ ಸೇವಾಶ್ರಮ ತೆಗೆದ್ರು, ಆಮೇಲೆ ನಿಶ್ಚಯಾನಂದರು ಸೇರ್ಕೊಂಡ್ರು. ರೋಗಿಗಳ ಮಲಮೂತ್ರ ಬಳೀತಾರೆ ಅಂತ ಅಲ್ಲಿನ ಮಡಿವಂತ ಸಾಧುಗಳು ಇವ್ರಿಗೆ ಭಂಗಿ ಸಾಧು (ಭಂಗಿ ಅಂದ್ರೆ ಅಲ್ಲಿ ಮಲ ಬಳಿಯೋ ಜಾತಿಯವ್ರನ್ನ ಕರೀತಿದ್ದ ಹೆಸರು) ಅಂತ ಹೆಸರಿಟ್ಟು ಪಂಕ್ತಿಯಿಂದ ದೂರ ಇಟ್ರು. ಅದು ಬರೀ ಬೈಗುಳ ಅಲ್ಲ, ಅಪ್ಪಟ ಜಾತಿ. ಹೃಷಿಕೇಶದ ಕೈಲಾಸ ಆಶ್ರಮದ ಧನರಾಜ ಗಿರಿಗಳು ಅಂತ ದೊಡ್ಡ ಪಂಡಿತರು, ಅವ್ರು ಇವ್ರನ್ನೂ ಭಂಡಾರಕ್ಕೆ, ಅಂದ್ರೆ ಸಾಧುಗಳ ಸಾಮೂಹಿಕ ಊಟಕ್ಕೆ, ಕರೀಲೇಬೇಕು ಅಂತ ಪಟ್ಟು ಹಿಡಿದ್ಮೇಲೇ ಎಲ್ರ ಬಾಯಿ ಮುಚ್ಚಿದ್ದು. ಅಖಂಡಾನಂದರು ಮಹುಲಾ ಹತ್ರನೇ ಸಾರಗಾಛಿಯಲ್ಲಿ ಅನಾಥ ಮಕ್ಕಳ ಆಶ್ರಮ ಮಾಡಿ ನೇಯ್ಗೆ, ಬಡಗಿ ಕೆಲ್ಸ ಕಲಿಸ್ತಾ ಅಲ್ಲೇ ಇದ್ಬಿಟ್ರು, 1934ರಲ್ಲಿ ಇಡೀ ಸಂಘದ ಅಧ್ಯಕ್ಷರೂ ಆದ್ರು. ಅದೇ ವರ್ಷ ಬಿಹಾರ ಭೂಕಂಪ, 1943ರ ಬಂಗಾಳದ ಬರ, 1971ರ ನಿರಾಶ್ರಿತರು, 1977ರ ಆಂಧ್ರ ಚಂಡಮಾರುತ, 2001ರ ಗುಜರಾತ್, 2004ರ ಸುನಾಮಿ, ಎಲ್ಲಾ ಕಡೆ ಮಿಷನ್ನವ್ರು ಇದ್ರು. ಕ್ರಮ ಹೆಚ್ಚುಕಮ್ಮಿ ಅದೇ: ಹತ್ರದ ಶಾಖೆಯವ್ರು ಮೊದ್ಲು ಹೋಗ್ತಾರೆ, ಬೇಯಿಸಿದ ಊಟ, ಆಮೇಲೆ ಅಕ್ಕಿ ಬೇಳೆ ಎಣ್ಣೆ ಪಾತ್ರೆ ಬಟ್ಟೆ ಟಾರ್ಪಾಲು, ದೊಡ್ಡ ಅನಾಹುತ ಆಗಿದ್ರೆ ಮನೆ ಕಟ್ಟಿಸೋದು, ಕೊನೆಗೆ ಲೆಕ್ಕ.

ನಮ್ಮಲ್ಲಿ ಅಂದ್ರೆ ಮಂಗಳೂರು ಹೇಳ್ಬೇಕು. ಅಲ್ಲಿನ ರಾಮಕೃಷ್ಣ ಮಿಷನ್ನವ್ರು 2015ರಲ್ಲಿ ಸ್ವಚ್ಛ ಮಂಗಳೂರು ಅಂತ ಶುರು ಮಾಡಿ ಭಾನುವಾರ ಬೆಳಗ್ಗೆ ಊರವ್ರನ್ನ ಸೇರಿಸಿ ಬೀದಿ ಗುಡಿಸಿದ್ರು, ವರ್ಷಗಟ್ಟಲೆ. ಮಂಗಳೂರಿನವ್ರು ಯಾರಾದ್ರೂ ಅದ್ರಲ್ಲಿ ಕೈಜೋಡಿಸಿದ್ರೆ ಕೆಳಗೆ ಬರೀರಿ, ಅದ್ರಲ್ಲೂ ಮೊದಲ ಭಾನುವಾರ ಜನ ಹೆಂಗೆ ನೋಡ್ತಿದ್ರು ಅಂತ ನನಗೆ ಕೇಳ್ಬೇಕು.

ಮುಂದಿನ ವಿಡಿಯೋ 1876ರಿಂದ 78ರ ಬರದ್ದು, ಮೈಸೂರು ಸಂಸ್ಥಾನದ ಐದನೇ ಒಂದು ಪಾಲಿನಷ್ಟು ಜನ ಹೋದ ಬರ. ಆಗ ಇಂಥ ಸಂಸ್ಥೆ ಯಾವ್ದೂ ಇರ್ಲಿಲ್ಲ, ಯಾರು ಏನು ಹಂಚಿದ್ರು, ಎಲ್ಲಿ ಹಾಳಾಯ್ತು ಅಂತ ನೋಡೋಣ. ನಿಮ್ಮ ಮನೇಲಿ ಅಜ್ಜಿ ತಾತ ಆ ಬರದ ಮಾತೇನಾದ್ರೂ ಆಡ್ತಿದ್ರೆ ಕಳ್ಸಿ. ಸಿಗೋಣ.